ಗೌರಕ್ಕ ಹೇಳದ ಮಾತು

“ಗೌರಕ್ಕನೇ ಹೇಳಿದ್ದು” – ಅವತ್ತು ಮಧ್ಯಾಹ್ನ ಕಮಾನಿನ ಕೆಳಗೆ ನಿಂತು ನಾನು ಆಡಿದ ಈ ಮಾತು ಸುಳ್ಳು. ಗೌರಕ್ಕ ಏನನ್ನೂ ಹೇಳಿರಲಿಲ್ಲ. ಹೇಳಲು ಅವರು ಊರಲ್ಲೇ ಇರಲಿಲ್ಲ, ಅರಸೀಕೆರೆಗೆ ಹೋಗಿದ್ದರು. ಅವರ ಫೋನು ನನ್ನ ಜೇಬಿನಲ್ಲಿತ್ತು. ಅದನ್ನು ಆಫ್ ಮಾಡಿದವನೂ ನಾನೇ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಏಕೆಂದರೆ ನನ್ನಂಥವರು ಪೀಠಿಕೆ ಶುರು ಮಾಡಿದರೆ ಮುಗಿಯುವುದಿಲ್ಲ, ಅಷ್ಟರೊಳಗೆ ಕೇಳುವವರಿಗೆ ನಮ್ಮ ಮೇಲೆ ಕನಿಕರ ಹುಟ್ಟಿರುತ್ತದೆ. ನನಗೆ ಯಾರ ಕನಿಕರವೂ ಬೇಡ.

ನನ್ನ ಹೆಸರು ನಾಗೇಂದ್ರ. ಊರಿನವರಿಗೆ ಮೈಕ್ ನಾಗೇಂದ್ರ. ಆಟೋದ ತಲೆಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಬೀದಿ ಬೀದಿ ಸುತ್ತಿ ಕೂಗುವುದು ನನ್ನ ಕಸುಬು. ನೀರು ಯಾವಾಗ ಬಿಡುತ್ತಾರೆ, ಕರೆಂಟು ಎಷ್ಟು ಹೊತ್ತು ಇರುವುದಿಲ್ಲ, ಯಾರ ಮನೆಯಲ್ಲಿ ಯಾರು ತೀರಿಕೊಂಡರು – ಎಲ್ಲವೂ ಊರಿಗೆ ನನ್ನ ಗಂಟಲಿನಿಂದಲೇ ತಿಳಿಯಬೇಕು. ನಮ್ಮಪ್ಪ ಕನ್ನಡ ಮೇಷ್ಟ್ರು. ಅವರ ಮಗನಾಗಿ ನನಗೆ ಬಂದ ಆಸ್ತಿ ಎಂದರೆ ಸ್ಪಷ್ಟ ಉಚ್ಚಾರಣೆ, ಮತ್ತು ಅದು ಇಲ್ಲದವರನ್ನೆಲ್ಲ ಕೀಳಾಗಿ ಕಾಣುವ ಚಾಳಿ. ಒಂದು ಕಾಲಕ್ಕೆ ರೇಡಿಯೋದಲ್ಲಿ ಕೆಲಸ ಸಿಗುತ್ತದೆಂದು ನಂಬಿ ಧ್ವನಿ ಪರೀಕ್ಷೆಗೂ ಹೋಗಿ ಬಂದೆ. ಸಿಗಲಿಲ್ಲ. ಅಂದಿನಿಂದ ಇಡೀ ಊರು ನನಗೆ ಏನೋ ಬಾಕಿ ಇಟ್ಟುಕೊಂಡಿದೆ ಎಂಬ ಮುಖ ಮಾಡಿಕೊಂಡೇ ಓಡಾಡಿದವನು ನಾನು.

ಊರಿನ ಹೆಸರು ಬರೆಯುವುದಿಲ್ಲ. ಜಾವಗಲ್ ದಾಟಿ ಹಳೇಬೀಡಿನ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಕಮಾನು ನೋಡಿ ನಕ್ಕಿರುತ್ತಾರೆ. ಅವರಿಗೆ ಹೆಸರು ಬೇಕಿಲ್ಲ.

ಕಮಾನು ಬರುವ ಮೊದಲು ನಮ್ಮದು ಬರೀ ಹಳ್ಳಿ. ಒಂದು ದಿನ ಸರ್ಕಾರ ನಮ್ಮನ್ನು ಪಟ್ಟಣ ಪಂಚಾಯಿತಿ ಮಾಡಿತು. ಆ ಸಂಭ್ರಮವನ್ನು ನೀವು ನೋಡಬೇಕಿತ್ತು! ಪಟಾಕಿ ಹೊಡೆದರು, ಮೈಸೂರು ಪಾಕು ಹಂಚಿದರು. ಚರಂಡಿ ಪಕ್ಕ ಎಮ್ಮೆ ಕಟ್ಟಿದ್ದವನೂ “ಇನ್ಮೇಲೆ ನಮ್ದು ಟೌನು ಕಣ್ಲಾ” ಎಂದು ಎದೆ ಉಬ್ಬಿಸಿದ. ಟೌನು ಎಂದರೆ ಟೌನಿನ ಕಂದಾಯ ಎಂದು ಒಬ್ಬನಿಗೂ ಹೊಳೆಯಲಿಲ್ಲ. ಆಮೇಲೆ ಮನೆ ಕಂದಾಯ ಏರಿತು, ನೀರಿನ ಕರ ಏರಿತು, ಕಸಕ್ಕೆಂದು ಹೊಸದೊಂದು ಕರ ಹುಟ್ಟಿಕೊಂಡಿತು. ಕಸ ಮಾತ್ರ ಇದ್ದಲ್ಲೇ ಇತ್ತು. ಆ ಸಿಹಿ ಹಂಚಿದ ದಿನ “ಹೆಮ್ಮೆಯ ನಾಗರಿಕ ಬಂಧುಗಳೇ” ಎಂದು ಕೂಗಿದವನು ನಾನು, ಏರಿದ ಕಂದಾಯದ ಗಡುವನ್ನು ಕೂಗಿದವನೂ ನಾನು. ಎರಡಕ್ಕೂ ಒಂದೇ ರಾಗ.

ಏರಿದ ಕಂದಾಯದಲ್ಲಿ ನಮ್ಮ ಪಂಚಾಯಿತಿಯವರು ಮಾಡಿದ ಮೊದಲ ಕೆಲಸ ಕಮಾನು. ಊರಿನ ಬಾಗಿಲಲ್ಲಿ ಸ್ವಾಗತ ಕಮಾನು, ಅದರ ಒಂದು ಕಂಬದ ಬುಡದಲ್ಲಿ ಸಿಂಹವನ್ನು ಇರಿಯುತ್ತಿರುವ ಸಳ. ಇಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತು ಹೋದರೆ ಹಳೇಬೀಡು, ಇನ್ನೂ ಸ್ವಲ್ಪ ಹೋದರೆ ಬೇಲೂರು. ಕಲ್ಲಿನ ಹೆಂಗಸಿನ ಕೈಯಲ್ಲಿ ಬಳೆ ತಿರುಗುವಂತೆ ಕೆತ್ತಿದವರ ಸೀಮೆ ಇದು. ಇಲ್ಲಿ ಇವರು ಐಸ್‌ಕ್ರೀಮ್ ಅಂಗಡಿಯ ಮುಂದೆ ಸಿಮೆಂಟಿನ ಕೋನ್ ಮಾಡಿದ್ದವನನ್ನು ಕರೆಸಿ ಸಿಂಹ ಮಾಡಿಸಿದರು. ಅದು ಹೊಟ್ಟೆ ಕೆಟ್ಟ ನಾಯಿಯ ಹಾಗೆ ಬಾಯಿ ತೆರೆದುಕೊಂಡು ಕೂತಿತು. ಸಳ ಅದನ್ನು ಇರಿಯುತ್ತಿದ್ದಾನೋ, ಔಷಧಿ ಕುಡಿಸುತ್ತಿದ್ದಾನೋ ಗೊತ್ತಾಗುತ್ತಿರಲಿಲ್ಲ. ಮೈಗೆಲ್ಲ ಚಿನ್ನದ ಬಣ್ಣ ಬೇರೆ.

ಗೌರಕ್ಕನ ಹಿಟ್ಟಿನ ಗಿರಣಿ ಆ ಕಮಾನಿಗೆ ಎದುರೇ ಇತ್ತು. ಹುಲಿಕೆರೆಯ ಹೆಣ್ಣು, ಈ ಊರಿಗೆ ಸೊಸೆಯಾಗಿ ಬಂದವರು. ಗಂಡ ಸತ್ತ ಮೇಲೆ ಗಿರಣಿಯನ್ನು ಒಬ್ಬರೇ ನಡೆಸುತ್ತಿದ್ದರು. ಗಟ್ಟಿ ಗಂಟಲು – ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಬಂದದ್ದು. ರಾಗಿ ಬೀಸಿಸಲು ಬಂದ ಹೆಂಗಸರು ಸರದಿ ಕಾಯುತ್ತಾ ಕಂದಾಯದ ಮಾತು ಎತ್ತುತ್ತಿದ್ದರು, ಎದುರಿಗಿದ್ದ ಸಿಂಹವನ್ನು ಬೈಯುತ್ತಿದ್ದರು. ಒಂದು ಬೆಳಿಗ್ಗೆ ಗೌರಕ್ಕ ಒಂದು ಹಿಡಿ ಹಿಟ್ಟನ್ನು ನೀರಲ್ಲಿ ಕಲಸಿ ಉಂಡೆ ಮಾಡಿ, ರಸ್ತೆ ದಾಟಿ ಹೋಗಿ, ಸಿಂಹದ ಬಾಯಿಗೆ ತುರುಕಿದರು.

“ತಿನ್ನಪ್ಪ ತಿನ್ನು. ನಮ್ಮನೆ ಕಂದಾಯ ತಿಂದ್ರೂ ನಿನ್ ಹೊಟ್ಟೆ ತುಂಬ್ಲಿಲ್ಲ. ಹಿಟ್ಟಾದ್ರೂ ತಿನ್ನು.”

ಮಾರನೆಯ ದಿನ ಬೀದಿಯ ಹೆಂಗಸರೆಲ್ಲ ಒಂದೊಂದು ಉಂಡೆ ತಂದರು. ಅದರ ಮಾರನೆಯ ದಿನ ಮೇಲಿನ ಬೀದಿಯವರೂ ಬಂದರು. ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ದೇವರಿಗೆ ನೈವೇದ್ಯ ತರುವಂತೆ ತಟ್ಟೆಯಲ್ಲಿ ಇಟ್ಟುಕೊಂಡು ಬರುತ್ತಿದ್ದರು. ಸಿಂಹದ ಬಾಯಿ ತುಂಬಿ ಗದ್ದದ ಮೇಲೆ ಸುರಿಯುತ್ತಿತ್ತು. ಕಾಗೆಗಳಿಗೆ ಹಬ್ಬ. ಹಿಟ್ಟು ಹಾಕಿದವರು ಮನೆಗೆ ಹೋಗದೆ ಕಮಾನಿನ ಕೆಳಗೇ ಕೂರತೊಡಗಿದರು. ಗಂಡಸರು ಶಾಮಿಯಾನ ಹಾಕಿಸಿದರು. ಏರಿಸಿದ ಕಂದಾಯ ಇಳಿಸಬೇಕು, ಕಮಾನಿಗೆ ಸುರಿದದ್ದರ ಲೆಕ್ಕ ಊರ ಮುಂದೆ ಹೇಳಬೇಕು – ಅವರು ಕೇಳಿದ್ದು ಇಷ್ಟೇ. ಮೈಕಿಗೆ ನನ್ನನ್ನು ಕರೆದರು.

ಹೋರಾಟಗಳ ಬಗ್ಗೆ ನನಗೆ ಇದ್ದ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಎಷ್ಟೋ ನೋಡಿದ್ದೆ. ಬಂದ್ ಎಂದರೆ ಅಂಗಡಿಯ ಷಟರ್ ಅರ್ಧ ಇಳಿಸಿ ಹಿಂಬಾಗಿಲಲ್ಲಿ ವ್ಯಾಪಾರ ಮಾಡುವುದು. ಧರಣಿ ಎಂದರೆ ಪತ್ರಿಕೆಯವನು ಬರುವವರೆಗೆ ಮುಷ್ಟಿ ಎತ್ತುವುದು, ಅವನು ಹೋದ ಮೇಲೆ ಎಲೆ ಅಡಿಕೆ ಹಾಕುವುದು. ಮನವಿ ಎಂದರೆ ಅದನ್ನು ಕೊಡುವಾಗ ಯಾರು ಅಧಿಕಾರಿಯ ಪಕ್ಕ ನಿಲ್ಲಬೇಕೆಂದು ಮೊಣಕೈಯಲ್ಲಿ ತಿವಿದಾಡುವುದು. ಈ ಶಾಮಿಯಾನದಲ್ಲೂ ಅಂಥವರಿಗೆ ಕೊರತೆ ಇರಲಿಲ್ಲ. ಹಿಂದೆ ಕಮಾನಿನ ಗುದ್ದಲಿ ಪೂಜೆಯಲ್ಲಿ ಚಪ್ಪಾಳೆ ತಟ್ಟಿದವರೇ ಈಗ ಮುಂದಿನ ಸಾಲಿನಲ್ಲಿ ಕೂತು “ಧಿಕ್ಕಾರ” ಎನ್ನುತ್ತಿದ್ದರು, ಅದೂ ಅಲ್ಪಪ್ರಾಣದಲ್ಲಿ. ನಾನು ಆಂಪ್ಲಿಫೈಯರಿನ ಹಿಂದೆ ಕೂತು ಮನಸ್ಸಿನಲ್ಲೇ ನಗುತ್ತಿದ್ದೆ. ಈ ಜಾತ್ರೆ ಎಷ್ಟು ದಿನ, ನೋಡೋಣ – ಎಂದುಕೊಳ್ಳುತ್ತಿದ್ದೆ.

ಆದರೆ ಆ ಹೆಂಗಸರು ಎದ್ದು ಹೋಗಲಿಲ್ಲ. ಅಲ್ಲೇ ಅವರೆಕಾಯಿ ಬಿಡಿಸಿದರು, ಅಲ್ಲೇ ಒಬ್ಬರ ತಲೆ ಒಬ್ಬರು ಬಾಚಿದರು. ದಿನೇ ದಿನೇ ಜನ ಹೆಚ್ಚಿದರು. ಪಂಚಾಯಿತಿ ಕಚೇರಿಗೆ ಹೋಗುವ ದಾರಿಯೇ ಕಟ್ಟಿಹೋಯಿತು. ಮಂತ್ರಿಗಳು ಬಂದು ಕಮಾನು ಉದ್ಘಾಟಿಸುವ ದಿನ ಹತ್ತಿರ ಬರುತ್ತಿತ್ತು. ಕಮಾನಿನ ಕೆಳಗೆ ಜನ, ಸಿಂಹದ ಬಾಯಲ್ಲಿ ಹಿಟ್ಟು. ಗೆಲ್ಲುವ ಲಕ್ಷಣ ಕಾಣತೊಡಗಿತ್ತು. ನನಗೆ ಅದನ್ನೇ ಸಹಿಸಲಾಗಲಿಲ್ಲವೇನೋ... ಇಲ್ಲ, ಆ ಮಾತು ಈಗ ಬೇಡ. ಅದು ನೆಪ ಹುಡುಕಿದಂತೆ ಆಗುತ್ತದೆ.

ಆ ದಿನ ಬೆಳಿಗ್ಗೆ ಗೌರಕ್ಕ ಅರಸೀಕೆರೆಗೆ ಹೊರಟರು. ಜಿಲ್ಲೆಯ ಮೇಲಧಿಕಾರಿಯೊಬ್ಬರು ಅಲ್ಲಿಗೆ ಬರುತ್ತಾರೆ, ಅವರನ್ನೇ ಕಂಡು ಮಾತಾಡಿ ಬರುತ್ತೇನೆ ಎಂದರು. ಬಸ್ಸು ಹತ್ತುವ ಮುನ್ನ ನನ್ನ ಹತ್ತಿರ ಬಂದು ತಮ್ಮ ಫೋನು ಕೈಗಿಟ್ಟರು.

“ಇದ್ರಲ್ಲಿ ಚಾರ್ಜಿಲ್ಲ ಕಣೋ ನಾಗೇಂದ್ರ, ನಿನ್ ಬ್ಯಾಟ್ರಿಗೆ ಹಾಕಿರು. ನಾನ್ ಬರೋಗಂಟ ಜನಾನ ಕೂರಿಸ್ಕೊಂಡಿರೋದು ನಿನ್ ಕೆಲ್ಸ. ನಿನ್ ಗಂಟ್ಲು ಅಂದ್ರೆ ಊರು ನಂಬ್ತದೆ. ಮಧ್ಯಾಹ್ನದ ಬಸ್ಗೆ ಬತ್ತೀನಿ.”

ಅವರು ಹೋದ ಮೇಲೆ ಫೋನನ್ನು ಬ್ಯಾಟರಿಗೆ ಹಾಕಿದೆ. ಅದು ಚಾರ್ಜ್ ಆಗಿ, ತೆಗೆದು ಜೇಬಿಗಿಟ್ಟುಕೊಂಡ ಹೊತ್ತಿಗೆ ಪಂಚಾಯಿತಿಯ ಮುಖ್ಯಾಧಿಕಾರಿ ನನ್ನನ್ನು ಹಿಂಬಾಗಿಲಿನಿಂದ ಕರೆಸಿಕೊಂಡರು. ಎಷ್ಟೋ ವರ್ಷ ಆ ಕಚೇರಿಯ ಸುದ್ದಿ ಕೂಗಿದ್ದೆ, ಒಂದು ದಿನವೂ ಒಳಗೆ ಕೂರು ಎಂದವರಿಲ್ಲ. ಅಂದು ಕುರ್ಚಿ ಕೊಟ್ಟರು. ಸಾಸರಿನ ಮೇಲೆ ಕಪ್ಪು ಇಟ್ಟು ಕಾಫಿ ಕೊಟ್ಟರು. “ನಿಮ್ಮಂಥ ಕಂಠ ಈ ಬೀದಿಯಲ್ಲಿ ವೇಸ್ಟ್ ಆಗ್ತಾ ಇದೆ ಕಣ್ರೀ ನಾಗೇಂದ್ರ” ಎಂದರು. ಮಂತ್ರಿಗಳ ಕಾರ್ಯಕ್ರಮಕ್ಕೆ ಹಾಸನದಿಂದ ನಿರೂಪಕರನ್ನು ಕರೆಸುವ ಯೋಚನೆ ಇತ್ತಂತೆ. ಊರಲ್ಲೇ ಇಂಥ ಕಂಠ ಇರುವಾಗ ಅದೇಕೆ ಎಂದು ಅವರಿಗೆ ಅನ್ನಿಸಿತಂತೆ. ವೇದಿಕೆಯ ಮೇಲೆ, ಮಂತ್ರಿಗಳ ಪಕ್ಕದಲ್ಲಿ, ಸ್ಟ್ಯಾಂಡಿನ ಮೈಕು. ಆಮೇಲೆ, ಬಾಗಿಲ ಕಡೆ ಒಮ್ಮೆ ನೋಡಿ, ಕಂದಾಯದ ಏರಿಕೆ ಕೈಬಿಟ್ಟಿದೆ ಎಂದು ಒಂದು ಸುತ್ತು ಕೂಗಿಬಿಡಿ, ಜನ ಮನೆಗೆ ಹೋಗಲಿ ಎಂದರು.

“ಆರ್ಡರ್ ಆಗಿದ್ಯಾ ಸಾರ್?” ಎಂದೆ.

ಅವರು ನಕ್ಕರು. ಆರ್ಡರ್ ಆಗಿಲ್ಲ ಎಂದು ನನಗೆ ಆ ನಗುವಿನಲ್ಲೇ ತಿಳಿಯಿತು. ತಿಳಿದೇ ಕಾಫಿಯನ್ನು ಪೂರ್ತಿ ಕುಡಿದೆ. ಯಾರೂ ನನ್ನನ್ನು ಹೆದರಿಸಲಿಲ್ಲ. ನನಗೆ ದುಡ್ಡಿನ ಆಸೆ ತೋರಿಸಲಿಲ್ಲ. ಒಂದು ಕುರ್ಚಿ, ಒಂದು ಸಾಸರು, ನನ್ನ ಗಂಟಲಿನ ಬಗ್ಗೆ ಎರಡು ಒಳ್ಳೆಯ ಮಾತು – ನನ್ನ ಬೆಲೆ ಅಷ್ಟೇ ಆಗಿತ್ತು. ಎದ್ದು ಹೊರಗೆ ಬರುವಾಗ ಗೌರಕ್ಕನ ಫೋನನ್ನು ಜೇಬಿನಲ್ಲೇ ಒತ್ತಿ ಹಿಡಿದು ಆಫ್ ಮಾಡಿದೆ.

ಮೊದಲು ಬೀದಿಗಳಲ್ಲಿ ಕೂಗಿದೆ. ಪೇಟೆ ಬೀದಿ, ಕೋಟೆ ಬೀದಿ, ಆಸ್ಪತ್ರೆ ರಸ್ತೆ. ಧರಣಿಯಲ್ಲಿ ಕೂತವರಿಗೆ ಸುದ್ದಿ ಅವರ ಮನೆಗಳ ಕಡೆಯಿಂದಲೇ ಬರಲಿ ಎಂದು. ಈ ಉಪಾಯವನ್ನು ಯಾರೂ ಹೇಳಿಕೊಡಲಿಲ್ಲ, ನನಗೇ ಹೊಳೆದದ್ದು. “ನಾಗರಿಕ ಬಂಧುಗಳೇ, ನಿಮ್ಮ ಹೋರಾಟಕ್ಕೆ ಜಯ ಸಂದಿದೆ. ಏರಿಸಿದ್ದ ಕಂದಾಯವನ್ನು ಕೈಬಿಡಲಾಗಿದೆ. ದಯವಿಟ್ಟು ಎಲ್ಲರೂ ಶಾಂತಿಯುತವಾಗಿ ಮನೆಗಳಿಗೆ ತೆರಳಬೇಕಾಗಿ ವಿನಂತಿ.” ಎಷ್ಟು ಚೆನ್ನಾಗಿ ಹೇಳಿದೆ ಗೊತ್ತೇ... “ಜಯ” ಎನ್ನುವಲ್ಲಿ ಸ್ವಲ್ಪ ತಡೆದು, ದನಿ ನಡುಗಿಸಿ. ಹಾಗೆ ಹೇಳುತ್ತಿರುವಾಗ ನನಗೇ ರೋಮಾಂಚನವಾಯಿತು ಎಂದು ಬರೆಯಲು ಅಸಹ್ಯವಾಗುತ್ತದೆ. ಆದರೂ ಆಯಿತು.

ಕೊನೆಗೆ ಕಮಾನಿನ ಹತ್ತಿರ ಬಂದೆ. ಅಷ್ಟರಲ್ಲಿ ಅರ್ಧ ಜನ ಎದ್ದು ನಿಂತಿದ್ದರು. ಗಂಡಸರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಪೇಟೆ ಬೀದಿಯ ಜಯಮ್ಮ ಮಾತ್ರ – ಗಿರಣಿಗೆ ದಿನಾ ಬರುತ್ತಿದ್ದವಳು, ಉಂಡೆ ತಂದವರಲ್ಲಿ ಮೊದಲಿನವಳು – ತಟ್ಟೆ ಹಿಡಿದುಕೊಂಡು ಆಟೋದ ಮುಂದೆ ಅಡ್ಡ ನಿಂತಳು.

“ಗೌರಕ್ಕ ಇನ್ನೂ ಬಂದೇ ಇಲ್ವಲ್ಲ? ಅವ್ರು ಬರೋಗಂಟ ಏಳ್ಬಾರ್ದು ಅಂದಿದ್ರಲ್ಲ? ಯಾರ್ ಹೇಳಿದ್ದು ನಿಂಗೆ?”

ಎಲ್ಲರೂ ನನ್ನ ಕಡೆ ನೋಡಿದರು. ಕಚೇರಿಯವರು ಹೇಳಿದರು ಎಂದಿದ್ದರೆ ಜನ ಕದಲುತ್ತಿರಲಿಲ್ಲ. ಕಚೇರಿಯ ಮಾತಿಗೆ ಆಗ ಅಷ್ಟೇ ಬೆಲೆ ಇತ್ತು. ಮೈಕು ಆನ್ ಆಗಿಯೇ ಇತ್ತು. ಆ ಮೈಕಿನಲ್ಲೇ ಹೇಳಿದೆ.

“ಗೌರಕ್ಕನೇ ಹೇಳಿದ್ದು. ಅರಸೀಕೆರೆಯಿಂದ.”

ಅಷ್ಟೇ. ಜಯಮ್ಮ ದಾರಿ ಬಿಟ್ಟಳು. ಊಟದ ಹೊತ್ತು ಬೇರೆ – ನಮ್ಮ ಜನಕ್ಕೆ ಗೆಲುವಿನ ಸುದ್ದಿ ಊಟದ ಹೊತ್ತಿಗೆ ಬಂದರೆ ಅದನ್ನು ಎರಡನೆಯ ಸಲ ವಿಚಾರಿಸುವ ಅಭ್ಯಾಸವಿಲ್ಲ. ಒಂದಿಬ್ಬರು ಗೌರಕ್ಕನ ಫೋನಿಗೆ ಕರೆ ಮಾಡಿದರು. ಸ್ವಿಚ್ ಆಫ್. ಬಸ್ಸಿನಲ್ಲಿರಬೇಕು ಎಂದು ತಮಗೆ ತಾವೇ ಹೇಳಿಕೊಂಡರು. ನೋಡನೋಡುತ್ತಿದ್ದಂತೆ ಶಾಮಿಯಾನ ಖಾಲಿಯಾಯಿತು. ಇಷ್ಟು ದಿನ ಬಿಸಿಲಲ್ಲಿ ಕೂತಿದ್ದವರು ಎಷ್ಟು ಬೇಗ ಚಾಪೆ ಸುತ್ತಿದರು! ಆಗಲೂ ನಾನು ಅವರನ್ನು ಹೀಯಾಳಿಸಿಯೇ ನಕ್ಕೆ. ನೋಡಿದಿರಾ, ಇವರಿಗೆ ಇಷ್ಟೇ ಸಾಕಿತ್ತು ಎಂದು. ಅವರು ನಂಬಿದ್ದು ಊಟವನ್ನಲ್ಲ, ನನ್ನನ್ನು. ಅದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳು ಬೇಕಾದವು.

ಬಸ್ಸು ಬಂತು. ಗೌರಕ್ಕ ಇಳಿದರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಆದರೆ ನಗುತ್ತಿದ್ದರು. ಶಾಮಿಯಾನದ ಕಡೆ ಎರಡು ಹೆಜ್ಜೆ ಹಾಕಿ ನಿಂತುಬಿಟ್ಟರು. ಸುರುಳಿ ಸುತ್ತದ ಒಂದೆರಡು ಚಾಪೆ, ಅವರೆ ಸಿಪ್ಪೆ, ಸಿಂಹದ ತಲೆಯ ಮೇಲೆ ಕಾಗೆ. ನಾನು ಆಟೋ ಪಕ್ಕ ಬಗ್ಗಿ ವೈರು ಸುತ್ತುತ್ತಿದ್ದೆ.

“ಏನೋ ಇದು? ಜನ ಎಲ್ಲೋ?” ಎಂದರು. “ಸಾಹೇಬ್ರು ಒಪ್ಪವ್ರೆ ಕಣೋ. ಹಿಂದೇನೇ ಜೀಪಲ್ಲಿ ಬತ್ತಾವ್ರೆ. ಜನಾನ ಕಣ್ಣಾರೆ ನೋಡಿ ಇಲ್ಲೇ ತೀರ್ಮಾನ ಹೇಳ್ತೀನಿ ಅಂದವ್ರೆ. ಎಲ್ಲೋ ಜನ?”

ಜೀಪು ಬರುವ ಮೊದಲು ಜನರನ್ನು ಮತ್ತೆ ಕರೆಯುವಷ್ಟು ಹೊತ್ತು ಇತ್ತು. ಮೈಕು ಹಾಕಿ ಒಂದು ಸುತ್ತು ಹೋಗಿದ್ದರೆ ಸಾಕಿತ್ತು. ಗೌರಕ್ಕ ಅದನ್ನೇ ಕೇಳಿದರು – “ಒಂದ್ ಸಲ ಕೂಗೋ, ನಿನ್ ಕಾಲ್ಗ್ ಬೀಳ್ತೀನಿ.” ನಾನು ಬ್ಯಾಟರಿ ಮುಗಿದಿದೆ ಎಂದೆ. ಅದು ಅವತ್ತಿನ ಮೂರನೆಯ ಸುಳ್ಳು. ಅವರ ಫೋನನ್ನು ಜೇಬಿನಿಂದ ತೆಗೆದು ಕೊಡುತ್ತಾ, “ಇದು ಫುಲ್ ಚಾರ್ಜ್ ಆಗಿದೆ ಅಕ್ಕ” ಎಂದೆ. ಅವರು ಮನೆಮನೆಗೆ ಓಡಿದರು. ಬಾಗಿಲು ತಟ್ಟುವ ಸದ್ದು ಕೇಳಿಸುತ್ತಿತ್ತು. ಉಂಡು ಮಲಗಿದ ಊರು ಅದು.

ಜೀಪು ಬಂದಾಗ ಕಮಾನಿನ ಕೆಳಗೆ ಗೌರಕ್ಕ ಒಬ್ಬರೇ ಇದ್ದರು. ಓಡಿದ್ದರಿಂದ ಏದುಸಿರು ಬಿಡುತ್ತಿದ್ದರು, ಸೆರಗು ಸರಿ ಮಾಡಿಕೊಳ್ಳುತ್ತಿದ್ದರು. ಅಧಿಕಾರಿ ಕೆಳಗಿಳಿದು ಸುತ್ತ ನೋಡಿದರು. ಒಳ್ಳೆಯ ಮನುಷ್ಯನ ಹಾಗೆಯೇ ಕಾಣುತ್ತಿದ್ದರು. “ಊರೇ ಕೂತಿದೆ ಅಂದ್ರಲ್ಲಮ್ಮ?” ಎಂದರು. ಗೌರಕ್ಕ “ಕೂತಿದ್ರು ಸಾಮಿ, ಬೆಳಿಗ್ಗೆ ಕೂತಿದ್ರು” ಎಂದರು. ಅವರು ಇನ್ನೇನೂ ಕೇಳದೆ ಜೀಪು ಹತ್ತಿದರು. ಸ್ವಲ್ಪ ದೂರದಲ್ಲೇ ನಾನು ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಆಮೇಲಿನದನ್ನು ಊರೇ ನೋಡಿಕೊಂಡಿತು. ಏರಿದ ಕಂದಾಯದ ಬಿಲ್ಲು ಹಾಗೆಯೇ ಬಂದಾಗ ಜನ ನನ್ನನ್ನು ಬೈಯಲಿಲ್ಲ. ನಾನು ಬರೀ ಮೈಕು. ಗೌರಕ್ಕನನ್ನು ಬೈದರು. “ಅರಸೀಕೆರೆಲಿ ಒಳಗೊಳಗೇ ಮಾತಾಡ್ಕೊಂಡ್ ಬಂದವ್ಳೆ” ಎಂದರು. ಸಾಹೇಬರ ಜೀಪಿನಲ್ಲೇ ಬಂದಳು ಎಂದು ಕಣ್ಣಾರೆ ಕಂಡವರು ಕೂಡ ಹುಟ್ಟಿಕೊಂಡರು. ಅವರು ಬಸ್ಸಿನಲ್ಲಿ ಬಂದಿದ್ದರು ಎಂದು ನಾನು ಹೇಳಲಿಲ್ಲ. “ನನ್ ಫೋನು ಮೈಕ್ ನಾಗೇಂದ್ರನ ತಾವ ಇತ್ತು, ನಾನೆಲ್ಲಿಂದ ಹೇಳ್ಲಿ?” ಎಂದು ಗೌರಕ್ಕ ಗಿರಣಿಯ ಮುಂದೆ ನಿಂತು ಕೂಗಿ ಹೇಳಿದರು. “ಬೇರೆಯವ್ರ ಫೋನಲ್ಲಿ ಮಾಡಿರ್ತಾಳೆ” ಎಂದು ಊರಿನ ಬುದ್ಧಿವಂತರು ನನ್ನ ಸುಳ್ಳಿಗೆ ತೇಪೆ ಹಾಕಿಕೊಟ್ಟರು. ಒಮ್ಮೆ ಅವರು ಬಸ್ ಸ್ಟ್ಯಾಂಡಿನಲ್ಲಿ ಜನರ ಎದುರಿಗೇ ನನ್ನನ್ನು ತಡೆದು ಕೇಳಿದರು.

“ನನ್ ಮಖ ನೋಡ್ ಹೇಳೋ. ನಾನ್ ಹೇಳಿದ್ನಾ?”

ನಾನು ಮುಖ ನೋಡಲಿಲ್ಲ. “ನಂಗ್ ಬಂದ ಸುದ್ದಿ ನಾನ್ ಕೂಗ್ದೆ ಅಕ್ಕ” ಎಂದು ಆಟೋ ಸ್ಟಾರ್ಟ್ ಮಾಡಿದೆ. ಜನ ಅದನ್ನೂ ಹೌದು ಎಂದೇ ತಿಳಿದುಕೊಂಡರು.

ಹೆಂಗಸರು ರಾಗಿ ಚೀಲ ಹೊತ್ತುಕೊಂಡು ಅವರ ಗಿರಣಿಯನ್ನು ದಾಟಿ ಆಚೆಯ ಗಿರಣಿಗೆ ಹೋಗತೊಡಗಿದರು. ಅವರಿಗೆ ಕಾಣಲಿ ಎಂದೇ ಎದುರಿನಿಂದ ಹೋಗುತ್ತಿದ್ದರು. ನ್ಯಾಯ ಕೇಳಲು ಬಾರದ ಜನ ಹೀಗೆ ಒಬ್ಬಳ ಮೇಲೆ ಸೇಡು ತೀರಿಸಿಕೊಳ್ಳುವುದರಲ್ಲಿ ಬಹಳ ಚುರುಕು. ಗೌರಕ್ಕ ಕೆಲವು ತಿಂಗಳು ಗಿರಣಿಯ ಬಾಗಿಲು ತೆರೆದು ಸುಮ್ಮನೆ ಕೂತಿರುತ್ತಿದ್ದರು. ಆಮೇಲೆ ಗಿರಣಿಯ ಕಲ್ಲನ್ನೂ ಮೋಟಾರನ್ನೂ ಟೆಂಪೋಗೆ ಹಾಕಿಸಿ, ಗೆಂಡೆಹಳ್ಳಿಯಲ್ಲಿದ್ದ ತಂಗಿಯ ಊರಿಗೆ ಹೊರಟುಹೋದರು.

ಉದ್ಘಾಟನೆ ಜೋರಾಗಿಯೇ ನಡೆದಿತ್ತು. ಸಿಂಹದ ಬಾಯಲ್ಲಿ ಒಣಗಿ ಕಲ್ಲಾಗಿದ್ದ ಹಿಟ್ಟನ್ನು ಪೌರಕಾರ್ಮಿಕರಿಂದ ಕೆರೆಸಿದರು. ಜೊತೆಗೆ ಒಂದಿಷ್ಟು ಚಿನ್ನದ ಬಣ್ಣವೂ ಕಿತ್ತು ಬಂತು. ನಾನು ಜರತಾರಿ ಅಂಚಿನ ಪಂಚೆ ಉಟ್ಟು ವೇದಿಕೆ ಹತ್ತಿದೆ. “ಹೊಯ್ಸಳರ ಕಲಾ ಪರಂಪರೆಯ ಮುಂದುವರಿಕೆ” ಎಂದು ಆ ನಾಯಿಯನ್ನು ತೋರಿಸಿ ಹೇಳಿದೆ. ಮಂತ್ರಿಗಳು ನನ್ನ ಹೆಸರು ಕೇಳಿದರು, ಹೇಳುವಷ್ಟರಲ್ಲಿ ಬೇರೆ ಕಡೆ ತಿರುಗಿದರು. ಅವತ್ತು ಸಂಜೆ ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಅದೇ ಮಾತುಗಳನ್ನು ಮತ್ತೆ ಹೇಳಿ ನೋಡಿಕೊಂಡೆ. ಸಂತೋಷವಾಗಿತ್ತು. ಪಶ್ಚಾತ್ತಾಪ ಆಗಲೇ ಶುರುವಾಯಿತು ಎಂದು ಬರೆದರೆ ಇನ್ನೊಂದು ಸುಳ್ಳು ಸೇರಿಸಿದಂತಾಗುತ್ತದೆ.

ಮುಖ್ಯಾಧಿಕಾರಿಗೆ ವರ್ಗವಾಯಿತು. ಅವರ ನಂತರ ಬಂದವರಿಗೆ ನನ್ನ ಕಂಠದ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಒಂದು ದಿನ ಕರೆದು “ಹಸಿ ಕಸ ಬೇರೆ, ಒಣ ಕಸ ಬೇರೆ ಕೊಡಿ” ಎಂದು ನನ್ನಿಂದ ಹೇಳಿಸಿ ರೆಕಾರ್ಡ್ ಮಾಡಿಕೊಂಡು ಕಸದ ಗಾಡಿಗೆ ಹಾಕಿದರು. ಈಗಲೂ ದಿನಾ ಬೆಳಿಗ್ಗೆ ನಾನು ಹಲ್ಲುಜ್ಜುವ ಹೊತ್ತಿಗೆ ನನ್ನ ಧ್ವನಿ ಕಸ ಎತ್ತುತ್ತಾ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತದೆ. “ನಾಗರಿಕ ಬಂಧುಗಳೇ” ಎಂದೇ ಶುರು. ನನ್ನ ಗಂಟಲಿಗೆ ತಕ್ಕ ಜಾಗ ಕೊನೆಗೂ ಸಿಕ್ಕಿದೆ.

ಹೀಗೆಯೇ ಸಾಯಬಹುದಿತ್ತು. ಈ ವರ್ಷ ಕಂದಾಯ ಮತ್ತೆ ಏರಿತು. ಕಮಾನಿಗೆ ದೀಪಾಲಂಕಾರವಂತೆ, ಅದರ ಪಕ್ಕ ಕಾರಂಜಿಯಂತೆ. ಕಾರಂಜಿಗೆ ನೀರು ಎಲ್ಲಿಂದ ಎಂದು ಯಾರೂ ಕೇಳಿಲ್ಲ. ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಕೆಲವರು ಸೇರಿ ಮತ್ತೆ ಧರಣಿ ಎಂದು ಹೊರಟಿದ್ದಾರೆ. ಮೈಕು ಗೊತ್ತು ಮಾಡಲು ನನ್ನ ಮನೆಗೆ ಬಂದರು. ಜಗುಲಿಯಲ್ಲಿ ಕೂತು ಯಾರು ಮುಂದಾಳು ಆಗಬೇಕೆಂದು ಮಾತಾಡಿಕೊಳ್ಳುತ್ತಿದ್ದಾಗ ಒಬ್ಬಳು ಹುಡುಗಿ ಇನ್ನೊಬ್ಬಳಿಗೆ ನಗುತ್ತಾ ಅಂದಳು –

“ನೀನೇ ಆಗೇ. ಆದ್ರೆ ಲಾಸ್ಟಲ್ಲಿ ಗೌರಮ್ಮನ ಥರ ಮಾಡ್ಬೇಡ ಅಷ್ಟೇ.”

ಗೌರಮ್ಮ ಅಂದ್ರೆ ಯಾರು ಎಂದು ಕೇಳಿದೆ. “ಗೊತ್ತಿಲ್ಲ ಅಂಕಲ್, ಹಂಗಂತಾರೆ. ಕೈಕೊಡೋರಿಗೆ” ಎಂದಳು. ಆ ಮಗು ಗೌರಕ್ಕನನ್ನು ನೋಡಿಲ್ಲ. ಸಿಂಹದ ಬಾಯಿಗೆ ಹಿಟ್ಟಿಟ್ಟ ಹೆಂಗಸು ಊರಿಗೆ ಮರೆತುಹೋಗಿದ್ದಾಳೆ. ಉಳಿದಿರುವುದು ಹೆಸರೊಂದೇ, ಅದೂ ಬೈಗುಳವಾಗಿ. ಆ ಬೈಗುಳಕ್ಕೆ ಹೊಂದುವ ಹೆಸರು ಅವರ ಎದುರಿಗೇ ಕೂತು ಬಾಡಿಗೆಯ ಮಾತಾಡುತ್ತಿತ್ತು. ನನಗೆ ನನ್ನ ಮೇಲೆ ಎಂಥ ಹೇಸಿಗೆ ಹುಟ್ಟಿತೆಂದರೆ, ಒಳಗೆ ಹೋಗಿ ನೀರು ಕುಡಿದು ಬರುವ ನೆಪದಲ್ಲಿ ಅಡುಗೆಮನೆಯಲ್ಲೇ ನಿಂತುಬಿಟ್ಟೆ. ಅವರು ಕಾದು ಕಾದು ಹೋದರು.

ಮಾರನೆಯ ದಿನ ಗೆಂಡೆಹಳ್ಳಿಗೆ ಹೋದೆ. ಗಿರಣಿ ಹುಡುಕುವುದು ಕಷ್ಟವಾಗಲಿಲ್ಲ. ಗೌರಕ್ಕ ಬಾಗಿಲಿಗೆ ಬೆನ್ನು ಹಾಕಿ ಚೀಲಕ್ಕೆ ಹಿಟ್ಟು ತುಂಬುತ್ತಿದ್ದರು. ಹುಬ್ಬು, ರೆಪ್ಪೆ, ಕೂದಲು ಎಲ್ಲ ಹಿಟ್ಟು. ಕೂದಲಿನಲ್ಲಿ ಹಿಟ್ಟು ಎಷ್ಟೋ ನರೆ ಎಷ್ಟೋ ತಿಳಿಯಲಿಲ್ಲ. ನನ್ನನ್ನು ನೋಡಿ ಮೋಟಾರು ಆಫ್ ಮಾಡಿದರು. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕುರ್ಚಿ, ಸಾಸರು, ಫೋನು, ಬ್ಯಾಟರಿ... ನಡುವೆ ಗಂಟಲು ಕಟ್ಟಿತು. ಅದನ್ನು ನೋಡಿ ಅವರಿಗೆ ಕರುಣೆ ಬರಬಹುದೆಂದು ಒಳಗೆಲ್ಲೋ ಆಸೆ ಇತ್ತು. ಇಂಥ ಸಮಯದಲ್ಲೂ ನನಗೆ ನನ್ನ ಗಂಟಲಿನದೇ ಲೆಕ್ಕಾಚಾರ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

“ನನ್ ತಾವ ಯಾಕೋ ಹೇಳ್ತೀಯ?” ಎಂದರು. “ನಾನೇನು ಅವತ್ತು ಆ ಮಾತ ಕೇಳಿದ್ನಾ? ನಾನ್ ಅಲ್ಲಿರ್ನಿಲ್ಲ. ಕೇಳ್ದವ್ರು ಅಲ್ಲವ್ರೆ. ಹೋಗಿ ಅವ್ರಿಗೇಳು.”

ಮೋಟಾರು ಹಾಕಿಕೊಂಡರು. ಆ ಸದ್ದಿನಲ್ಲಿ ನಾನು ಇನ್ನೇನು ಹೇಳಿದರೂ ಕೇಳಿಸುತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆ ಆಟೋಗೆ ಮತ್ತೆ ಹಾರ್ನ್ ಕಟ್ಟಿದೆ. ಅವತ್ತು ಸುಳ್ಳನ್ನು ಎಲ್ಲಿಂದ ಶುರು ಮಾಡಿದ್ದೆನೋ ಅಲ್ಲಿಂದಲೇ, ಪೇಟೆ ಬೀದಿಯ ತುದಿಯಿಂದ. “ನಾಗರಿಕ ಬಂಧುಗಳೇ” ಎಂದೆ. ಯಾರೂ ತಲೆ ಎತ್ತಲಿಲ್ಲ. ಒಂದೊಂದೇ ಬಾಗಿಲು ತೆರೆಯಿತು, ಹೆಂಗಸರು ಕಸದ ಬಕೆಟ್ಟು ಹಿಡಿದುಕೊಂಡು ಹೊರಗೆ ಬಂದರು. ಬಂದು ಆಟೋದ ಹಿಂದೆ ನೋಡಿದರು, ಕಸ ಸುರಿಯಲು ಜಾಗವಿಲ್ಲ. ಬೈದುಕೊಂಡು ಒಳಗೆ ಹೋದರು. ಒಬ್ಬಳು ಮಾತ್ರ ಬಕೆಟ್ಟು ಹಿಡಿದು ನಿಂತಳು. ಮುದುಕಿಯಾಗಿದ್ದಳು, ಆದರೂ ಗುರುತು ಸಿಕ್ಕಿತು. ಜಯಮ್ಮ.

ದನಿ ನಡುಗಿಸಲಿಲ್ಲ. ಎಲ್ಲೂ ತಡೆಯಲಿಲ್ಲ. “ಹೋರಾಟ ಗೆದ್ದಿತು, ಮನೆಗೆ ಹೋಗಿ ಎಂದು ಅವತ್ತು ಕೂಗಿದ್ದು ಸುಳ್ಳು. ಗೌರಕ್ಕನೇ ಹೇಳಿದ್ದು ಅಂದೆ, ಅದೂ ಸುಳ್ಳು. ಗೌರಕ್ಕ ಹೇಳಲಿಲ್ಲ. ಅವರ ಫೋನು ನನ್ನ ಹತ್ತಿರ ಇತ್ತು. ಕೈಕೊಟ್ಟವನು ನಾನು, ಮೈಕ್ ನಾಗೇಂದ್ರ.”

ಜಯಮ್ಮ ಪೂರ್ತಿ ಕೇಳಿದಳು. ಆಮೇಲೆ ಹತ್ತಿರ ಬಂದು ಬಕೆಟ್ಟನ್ನು ಆಟೋದ ಸೀಟಿನ ಮೇಲೆ ಬೋರಲು ಹಾಕಿದಳು. ಈರುಳ್ಳಿ ಸಿಪ್ಪೆ, ಟೀ ಚರಟ, ಹಳಸಿದ ಅನ್ನ.

“ಇಡೀ ಬೀದಿಗೆ ಕೇಳ್ಲಿಲ್ಲ. ಇನ್ನೊಂದ್ ಸಲ ಕೂಗು” ಎಂದಳು.

ಕೂಗಿದೆ. ಸೀಟನ್ನು ಒರೆಸಲಿಲ್ಲ, ಅದರ ಮೇಲೆಯೇ ಕೂತು ಬೀದಿಯ ಆ ತುದಿಯವರೆಗೆ ಕೂಗಿದೆ. ಇವತ್ತು ಕೋಟೆ ಬೀದಿ. ನಾಳೆ ಆಸ್ಪತ್ರೆ ರಸ್ತೆ. ಅದಾದ ಮೇಲೆ ಕಮಾನಿನ ಕೆಳಗೆ.